ಅರ್ಧ ಸೀಲು

ಭಾನುವಾರ ಬೆಳಗ್ಗೆ ಎಂಟೂ ಮುಕ್ಕಾಲಿಗೆ ಆ ಚರ್ಚಿನ ಮುಂದೆ ನಿಂತು ನೋಡಿದರೆ ಎಂಥ ನಾಸ್ತಿಕನಿಗೂ ಒಂದು ಗಳಿಗೆ ಕೈ ಮುಗಿಯೋಣ ಅನ್ನಿಸಬೇಕು. ಅಷ್ಟು ಜನ. ಇಸ್ತ್ರಿ ಅಂಗಿಯ ಗಂಡಸರು, ಮೊಣಕೈಯಲ್ಲಿ ದಾರಿ ಮಾಡಿಕೊಳ್ಳುವ ಹೆಂಗಸರು, ದರದರ ಎಳೆಸಿಕೊಂಡು ಬರುವ ಮಕ್ಕಳು. ಆ ರಭಸ ನೋಡಿದರೆ ಒಳಗೆ ಸಾಕ್ಷಾತ್ ಯೇಸುವೇ ಬಂದು ಕೂತಿದ್ದಾನೆ, ಐದು ನಿಮಿಷ ತಡವಾದರೆ ಎದ್ದು ಹೋಗಿಬಿಡುತ್ತಾನೆ ಅನ್ನಬೇಕು. ಅಂಥದ್ದೇನೂ ಇಲ್ಲ ಸ್ವಾಮಿ. ಒಳಗೆ ಕೂತಿದ್ದವನು ಟಿಕೆಟ್ ತಾತ. ಅವನ ಮುಂದೆ ಒಂದು ಮೇಜು, ಮೇಜಿನ ಮೇಲೆ ಒಂದು ಇಂಕ್ ಪ್ಯಾಡು, ಒಂದು ರಬ್ಬರ್ ಸೀಲು.

ಚರ್ಚಿನ ಹಿಂದೆಯೇ ಚರ್ಚಿನ ಶಾಲೆ. ಊರಲ್ಲಿ ಅದಕ್ಕಿಂತ ಒಳ್ಳೆಯ ಶಾಲೆ ಇರಲಿಲ್ಲ, ಇದ್ದರೂ ಇದೆ ಅಂತ ಯಾರೂ ಒಪ್ಪುತ್ತಿರಲಿಲ್ಲ. ಒಂದನೇ ಕ್ಲಾಸಿಗೆ ಅರವತ್ತು ಸೀಟು, ಕೇಳುವವರು ಆರುನೂರು. ಐದು ವರ್ಷದ ಹಿಂದೆ ಪಾಸ್ಟರಿಗೆ ಒಂದು ಯೋಚನೆ ಹೊಳೆಯಿತು: ಭಕ್ತರ ಮಕ್ಕಳಿಗೆ ಮೊದಲು ಸೀಟು. ಯಾರು ಭಕ್ತರು? ವರ್ಷಕ್ಕೆ ನಲವತ್ತು ಭಾನುವಾರ ಆರಾಧನೆಗೆ ಬಂದವರು. ಬಂದರು ಅಂತ ಗೊತ್ತಾಗುವುದು ಹೇಗೆ? ಕಾರ್ಡಿಗೆ ಸೀಲು. ಹಾಗೆ ಆ ಊರಲ್ಲಿ ಭಕ್ತಿ ಅನ್ನುವುದು ಕಿಸೆಯಲ್ಲಿ ಇಟ್ಟುಕೊಂಡು ಓಡಾಡಬಹುದಾದ ವಸ್ತುವಾಯಿತು.

ಸೀಲು ಒತ್ತುವುದಕ್ಕೆ ತಾತನಿಗಿಂತ ಯೋಗ್ಯ ಮನುಷ್ಯ ಸಿಗುತ್ತಿರಲಿಲ್ಲ. ಮೂವತ್ತನಾಲ್ಕು ವರ್ಷ ರೈಲಿನಲ್ಲಿ ಟಿಕೆಟ್ ನೋಡಿದವನು. ಸ್ವಂತ ಭಾವಮೈದನನ್ನೇ ಟಿಕೆಟ್ ಇಲ್ಲ ಅಂತ ನಡುದಾರಿಯ ಸ್ಟೇಷನ್ನಿನಲ್ಲಿ ಇಳಿಸಿದ್ದ. ಆ ಕಡೆಯವರು ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ಹೆಂಡತಿ ಇವತ್ತಿಗೂ ಅದನ್ನು ಆಡಿ ತೋರಿಸುತ್ತಿದ್ದಳು, ತಾತ ಇವತ್ತಿಗೂ ಅದನ್ನು ಬಿರುದಿನಂತೆ ಹೇಳಿಕೊಳ್ಳುತ್ತಿದ್ದ.

ಮೊದಲ ವರ್ಷ ಒಳಗೆ ಬರುವಾಗ ಸೀಲು ಒತ್ತುತ್ತಿದ್ದರು. ಜನ ಒತ್ತಿಸಿಕೊಂಡು ಎರಡನೇ ಹಾಡು ಮುಗಿಯುವುದರೊಳಗೆ ಪಕ್ಕದ ಬಾಗಿಲಿಂದ ಮಾಯವಾಗುತ್ತಿದ್ದರು. ಸರಿ, ಎರಡನೇ ವರ್ಷ ಹೊರಗೆ ಹೋಗುವಾಗ ಒತ್ತೋಣ ಅಂದರು. ಜನ ಕೊನೆಯ ಆಶೀರ್ವಾದದ ಹೊತ್ತಿಗೆ ಸರಿಯಾಗಿ ಬಂದು 'ಆಮೆನ್' ಅಂದು ಸಾಲಿನಲ್ಲಿ ನಿಲ್ಲುತ್ತಿದ್ದರು. ಇವರು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುವವರು. ಆಗ ತಾತನೇ ಪಾಸ್ಟರಿಗೆ ಉಪಾಯ ಹೇಳಿಕೊಟ್ಟ. ದುಂಡು ಸೀಲಿನ ನಡುವೆ ಶಿಲುಬೆ ಇತ್ತಲ್ಲ, ಅದನ್ನು ನಟ್ಟನಡುವೆ ಸೀಳಿಸಿ ಎರಡು ಮಾಡಿಸಿದ. ಎಡಗಡೆ ಅರ್ಧ ಒಳಗೆ ಬರುವಾಗ, ನೀಲಿ ಇಂಕಿನಲ್ಲಿ. ಬಲಗಡೆ ಅರ್ಧ ಪಾಸ್ಟರು ಆಶೀರ್ವಾದ ಕೊಟ್ಟ ಮೇಲೆ, ಕೆಂಪು ಇಂಕಿನಲ್ಲಿ. ಎರಡೂ ಸೇರಿ ಶಿಲುಬೆ ಪೂರ್ತಿಯಾದರೆ ಒಂದು ಭಾನುವಾರ. ಬರೀ ನೀಲಿ ಅರ್ಧ ಇದ್ದರೆ ಅದು ಸೊನ್ನೆ. ನಡುವೆ ಯಾರೂ ಜಾರಬಾರದು ಅಂತ ತಾತ ತನ್ನ ಕುರ್ಚಿಯನ್ನು ಪಕ್ಕದ ಬಾಗಿಲಿಗೆ ಒರಗಿಸಿ ಹಾಕಿಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುತ್ತಿದ್ದ.

ಅಲ್ಲಿಗೆ ಭಕ್ತಿ ಕೈಗೆ ಸಿಕ್ಕಿತು. ತೊಂಬತ್ತು ಜನ ಬರುತ್ತಿದ್ದ ಚರ್ಚಿಗೆ ಆರುನೂರ ನಲವತ್ತು ಜನ. ಬಂದವರು ಏನು ಮಾಡುತ್ತಿದ್ದರು ಅಂತ ಕೇಳಬೇಡಿ. ಒಬ್ಬ ತಾಯಿ ಕೀರ್ತನೆಯ ರಾಗದಲ್ಲೇ ಮಗುವಿಗೆ ಎರಡರ ಮಗ್ಗಿ ಹೇಳಿಕೊಡುತ್ತಿದ್ದಳು, ಸಂದರ್ಶನದಲ್ಲಿ ಕೇಳುತ್ತಾರಂತೆ. ಒಬ್ಬ ವಕೀಲ ಐದು ವರ್ಷದಿಂದ, ಮೂರು ಮಕ್ಕಳ ಲೆಕ್ಕದಲ್ಲಿ, ಬಾಯಿ ಮಾತ್ರ ಆಡಿಸಿ ಹಾಡುತ್ತಿದ್ದ. ಯಾರಿಗೆ ಸೀಟು ಸಿಕ್ಕಿತೋ, ಮರುವಾರವೇ ಆ ಕುಟುಂಬ ನಾಪತ್ತೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗ್ಯಾಕೆ? ಆದರೆ ಬೆಂಚು ಖಾಲಿಯಾಗುತ್ತಿರಲಿಲ್ಲ, ಊರಲ್ಲಿ ಮಕ್ಕಳು ಹುಟ್ಟುವುದು ನಿಂತಿರಲಿಲ್ಲವಲ್ಲ.

ಪಾಸ್ಟರು ತಮ್ಮ ಕೋಣೆಯ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿದ್ದರು. ಅದರ ಮೇಲೆ ಕೆಂಪು ಗೆರೆಯೊಂದು ಎಡಗಡೆ ಮೂಲೆಯಿಂದ ಹೊರಟು ಬಲಗಡೆ ಮೇಲಕ್ಕೆ ಹತ್ತಿಹೋಗಿತ್ತು. ತಲೆಬರಹ: 'ನಮ್ಮ ಊರಿನ ಜನಜೀವನದ ಮೇಲೆ ಕ್ರಿಸ್ತನ ಪ್ರಭಾವ – ಐದು ವರ್ಷದಲ್ಲಿ ಏಳು ಪಟ್ಟು.' ಬಿಷಪ್ ಅದನ್ನು ನೋಡಿ ಬೆನ್ನು ತಟ್ಟಿದ್ದರು. ಬೇರೆ ಊರುಗಳ ಪಾಸ್ಟರುಗಳು ಬಂದು ಬರೆದುಕೊಂಡು ಹೋಗಿದ್ದರು. ಅದೇ ಐದು ವರ್ಷದಲ್ಲಿ ಊರಿನ ಅನಾಥಾಶ್ರಮಕ್ಕೆ ಹಳೆ ಬಟ್ಟೆ ಕೊಡುವವರು ಹೆಚ್ಚಾಗಿರಲಿಲ್ಲ, ಕೋರ್ಟಿನಲ್ಲಿ ಅಣ್ಣ-ತಮ್ಮಂದಿರ ಜಗಳ ಕಡಿಮೆಯಾಗಿರಲಿಲ್ಲ, ಹಾಲಿಗೆ ನೀರು ಬೆರೆಸುವುದು ನಿಂತಿರಲಿಲ್ಲ. ಆ ಹಾಳೆಯಲ್ಲಿ ಅದಕ್ಕೆಲ್ಲ ಜಾಗ ಇರಲಿಲ್ಲ.

ಇನ್ನು ತಾತನ ಮನೆಯ ಕಥೆ. ತಾತನ ಮಗಳು ದೊಡ್ಡಾಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ನರ್ಸು. ಅಳಿಯ ಲಾರಿ ಓಡಿಸುವವನು, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಐದು ವರ್ಷದ ಮೊಮ್ಮಗಳಿಗೆ ಈ ವರ್ಷ ಒಂದನೇ ಕ್ಲಾಸು. ಅಜ್ಜಿಯ ಸೆರಗು ಹಿಡಿದು ಅವಳು ಐವತ್ತೆರಡು ಭಾನುವಾರವೂ ಚರ್ಚಿಗೆ ಬಂದಿದ್ದಳು. ಆದರೆ ನಿಯಮ ಸ್ಪಷ್ಟ: ಬರಬೇಕಾದವರು ಅಪ್ಪ ಅಥವಾ ಅಮ್ಮ. ಅಜ್ಜಿ-ತಾತ ನಡೆಯುವುದಿಲ್ಲ. ಯಾರೋ ಒಬ್ಬ ಜಾಣ ಬಾಡಿಗೆಗೆ ಅಜ್ಜಿ ತಂದಿದ್ದ ಅಂತ ಆ ನಿಯಮ ಹಾಕಿಸಿದವನೂ ತಾತನೇ.

ಮಗಳ ಕಾರ್ಡಿನಲ್ಲಿ ಇದ್ದದ್ದು ಏಳೇ ಏಳು ಸೀಲು. ವಾರ್ಡಿನಲ್ಲಿ ಇನ್ನೂ ಮೂವರು ನರ್ಸುಗಳಿದ್ದರು, ಮೂವರಿಗೂ ಸಣ್ಣ ಮಕ್ಕಳು. "ಅಕ್ಕಾ, ಈ ಭಾನುವಾರ ಒಂದು ನನ್ನ ಡ್ಯೂಟಿ ನೋಡ್ಕೊ, ನಂಗೆ ಸೀಲು ಕಮ್ಮಿ ಬಿದ್ದಿದೆ" ಅಂತ ಒಬ್ಬಳು. ಮುಂದಿನ ವಾರ ಇನ್ನೊಬ್ಬಳು. ಇವಳು 'ಆಯ್ತು' ಅನ್ನುವುದನ್ನು ಬಿಟ್ಟರೆ ಬೇರೆ ಮಾತು ಕಲಿತಿರಲಿಲ್ಲ. ಮೂವರ ಕಾರ್ಡೂ ತುಂಬಿತು. ಇವಳು ವರ್ಷವಿಡೀ ಭಾನುವಾರ ಬೆಳಗ್ಗೆ ಮುದುಕಿಯರ ಬೆನ್ನು ಒರೆಸಿ, ಮಗ್ಗುಲು ತಿರುಗಿಸಿ, ಗಂಜಿ ಕುಡಿಸಿದಳು. ಅದಕ್ಕೆ ಸೀಲು ಒತ್ತುವವರು ಯಾರೂ ಇರಲಿಲ್ಲ.

"ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತಾರೆ. ಆ ಪೂಜಾರಿ ನಮ್ಮ ಮನೇಲೇ ಊಟಕ್ಕೆ ಕೂತಿದ್ದಾರೆ ನೋಡಿ" ಅಂದಳು ಹೆಂಡತಿ, ತಟ್ಟೆ ಕುಕ್ಕಿ. "ಕೈಯಲ್ಲಿ ಸೀಲಿದೆ. ಮೂವತ್ಮೂರು ಸಲ ಒತ್ತಿದ್ರೆ ಕೈ ಸವೆದು ಹೋಗುತ್ತಾ?"

"ಒಂದೇ ಒಂದು ಸುಳ್ಳು ಸೀಲು ಒತ್ತಿಲ್ಲ ನಾನು, ಐದು ವರ್ಷದಲ್ಲಿ."

"ಹೌದೌದು. ನನ್ನ ತಮ್ಮನ್ನ ಇಳಿಸಿದ್ರಿ, ಈಗ ಮೊಮ್ಮಗಳನ್ನೂ ಇಳಿಸಿ. ಊರಿಗೆ ಉಪಕಾರಿ, ಮನೆಗೆ ಮಾರಿ."

ಮಗಳು ನಡುವೆ ಬಾಯಿ ಹಾಕಿದಳು. "ಬಿಡಮ್ಮ. ಸುಳ್ಳು ಸೀಲು ನಂಗೆ ಬೇಡ. ಅಪ್ಪ, ಪಾಸ್ಟರ ಹತ್ರ ಒಂದು ಮಾತು ಕೇಳಿ ನೋಡಿ. ಕೇಳೋದ್ರಲ್ಲಿ ತಪ್ಪಿಲ್ಲವಲ್ಲ."

ತಾತ ಕೇಳುವುದಕ್ಕೆ ಹೋದ. ಪಾಸ್ಟರು ಗೋಡೆಯ ಗೆರೆಯನ್ನು ಇನ್ನೆರಡು ಬೆರಳು ಮೇಲಕ್ಕೆ ಎಳೆಯುತ್ತಿದ್ದರು.

"ಅಯ್ಯನವರೇ, ನಮ್ಮ ಹುಡುಗಿ ಆಸ್ಪತ್ರೇಲಿ ರೋಗಿಗಳ ಸೇವೆ ಮಾಡ್ತಾಳೆ. ಭಾನುವಾರಾನೇ ಡ್ಯೂಟಿ. ಅದನ್ನ ಸ್ವಲ್ಪ ಲೆಕ್ಕಕ್ಕೆ ತಗೊಳ್ಳೋಕೆ ಆಗುತ್ತಾ ಅಂತ."

ಪಾಸ್ಟರು ಪೆನ್ನಿನ ಮುಚ್ಚಳ ಹಾಕಿದರು. "ರೋಗಿಗಳ ಸೇವೆ ಬಹಳ ದೊಡ್ಡದು, ತಾತ. ಹೋದ ತಿಂಗಳು ಅದರ ಮೇಲೇ ಒಂದು ಗಂಟೆ ಪ್ರಸಂಗ ಮಾಡಿದೆ. ಬಂದಿದ್ರೆ ನಿಮ್ಮ ಮಗಳೂ ಕೇಳಬಹುದಿತ್ತು."

"ಅವಳು ಆಗ ಸೇವೆ ಮಾಡ್ತಿದ್ದಳು, ಅಯ್ಯನವರೇ."

"ಅದೇ ಹೇಳ್ತಿರೋದು. ಇವತ್ತು ನರ್ಸಿಗೆ ಬಿಟ್ರೆ ನಾಳೆ ಪೊಲೀಸು ಬರ್ತಾನೆ, ನಾಡಿದ್ದು ಬಸ್ ಡ್ರೈವರು ಬರ್ತಾನೆ. ಆಮೇಲೆ ಈ ಗೆರೆ ಏನಾಗುತ್ತೆ?" ಅಂತ ಗೋಡೆ ತೋರಿಸಿದರು. "ನೋಡಿ, ಹೇಗೆ ಹಬ್ತಿದೆ ಪ್ರಭಾವ!"

ತಾತನಿಗೆ ತಡೆಯಲಾಗಲಿಲ್ಲ. "ಮೂವತ್ನಾಲ್ಕು ವರ್ಷ ರೈಲಲ್ಲಿ ಓಡಾಡಿದ್ದೀನಿ ಅಯ್ಯನವರೇ. ಕೂತವರೆಲ್ಲ ರೈಲಿನ ಮೇಲೆ ಪ್ರೀತಿ ಇದ್ದು ಕೂತಿರಲ್ಲ. ಅವರು ಇಳಿಯೋ ಊರು ಬೇರೆ ಇರುತ್ತೆ."

ಪಾಸ್ಟರು ನಕ್ಕು, ಇದನ್ನು ಪ್ರಸಂಗದಲ್ಲಿ ಬಳಸಿಕೊಳ್ಳುತ್ತೇನೆ ಅಂದರು. ತಾತ ಮೆಟ್ಟಿಲಿಳಿದು ಬಂದ. ಕೇಳಿದ್ದು ಸಿಕ್ಕಿರಲಿಲ್ಲ, ಆದರೆ ಒಳಗೊಳಗೇ ಒಂದು ಹೆಮ್ಮೆಯೂ ಇತ್ತು. ಮೊಮ್ಮಗಳ ಸೀಟು ಹೋದರೂ ನಿಯಮ ಮುರಿಯದ ಮನುಷ್ಯ ನಾನು ಅಂತ. ಇಂಥ ಹೆಮ್ಮೆ ಒಂದು ರೋಗ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಹೆಂಡತಿ ದಿನಾ ಹೇಳುತ್ತಿದ್ದಳು, ಅದು ಬೇರೆ ಮಾತು.

ಆ ದಿನಗಳಲ್ಲಿ ಮಗಳ ವಾರ್ಡಿನ ಏಳನೇ ಮಂಚದಲ್ಲಿ ಒಬ್ಬ ಮುದುಕಿ ಇದ್ದಳು, ಕಂಟ್ರಾಕ್ಟರನ ತಾಯಿ. ಕಂಟ್ರಾಕ್ಟರ್ ಅಂದರೆ ಚರ್ಚಿಗೆ ಜಾಗ ಸಾಲದೆ ಹೊಸ ಬಾಲ್ಕನಿ ಕಟ್ಟಿಸುತ್ತಿದ್ದವನು. ಅವನ ಹುಡುಗನಿಗೂ ಈ ವರ್ಷ ಒಂದನೇ ಕ್ಲಾಸು, ಐದನೇ ಬೆಂಚಿನ ಅಂಚು ಅವನ ಖಾಯಂ ಜಾಗ. ಎದೆಯಲ್ಲಿ ನೀರು ತುಂಬಿಕೊಂಡು ಮುದುಕಿ ಎರಡು ತಿಂಗಳಿಂದ ಮಲಗಿದ್ದಳು. ವಾರ್ಡಿಗೆ ನೆಂಟರನ್ನು ಬಿಡುವುದು ಭಾನುವಾರ ಒಂಬತ್ತೂವರೆಯಿಂದ ಹನ್ನೊಂದು. ಮಗ ಬರುವ ಹೊತ್ತಿಗೆ ಹನ್ನೊಂದೂ ಕಾಲು, ಕಾವಲುಗಾರ ಬಾಗಿಲು ಎಳೆದಿರುತ್ತಿದ್ದ. ಕಿಟಕಿಯಿಂದ ಕೈ ಬೀಸಿ ಹೋಗುತ್ತಿದ್ದ. ಮುದುಕಿಗೆ ಅದರ ಬೇಸರವೇ ಇಲ್ಲ.

"ಚಿಕ್ಕವನಿದ್ದಾಗ ಕಿವಿ ಹಿಡಿದು ಎಳೆದ್ರೂ ಚರ್ಚಿಗೆ ಬರ್ತಿರಲಿಲ್ಲ ಕಣಮ್ಮ" ಅಂತ ನರ್ಸಿನ ಕೈ ಹಿಡಿದು ಹೇಳುತ್ತಿದ್ದಳಂತೆ. "ಈಗ ನೋಡು, ಒಂದು ಭಾನುವಾರ ತಪ್ಪಿಸಲ್ಲ. ನನ್ನ ಪ್ರಾರ್ಥನೆ ದೇವರು ಕೇಳಿದ." ನರ್ಸಿಗೆ ಸೀಲಿನ ವಿಷಯ ಗೊತ್ತಿತ್ತು. ಹೇಳುವುದಕ್ಕೆ ಬಾಯಿ ಬರಲಿಲ್ಲ.

ಕಾರ್ಡು ಒಪ್ಪಿಸುವುದಕ್ಕೆ ಬುಧವಾರ ಕೊನೆಯ ದಿನ. ಅದಕ್ಕೆ ಮುಂಚಿನ ಭಾನುವಾರ ಚರ್ಚಿನಲ್ಲಿ ಕಾಲಿಡಲು ಜಾಗ ಇಲ್ಲ. ಪಾಸ್ಟರು ಮೂರು ಅಂಶದ ಪ್ರಸಂಗ ಶುರುಮಾಡಿದ್ದರು: ಬರುವುದು, ಕೂರುವುದು, ಉಳಿಯುವುದು. ಎರಡನೆಯದರ ನಡುವೆ ಇದ್ದಾಗ ತಾತನ ಕಿಸೆಯಲ್ಲಿ ಫೋನು ನಡುಗಿತು. ಮಗಳು. ಡ್ಯೂಟಿಯ ಹೊತ್ತಿನಲ್ಲಿ ಎಂದೂ ಫೋನ್ ಮಾಡದವಳು. ತಾತ ಜಗುಲಿಗೆ ಹೋಗಿ ಕಿವಿಗಿಟ್ಟುಕೊಂಡ.

"ಅಪ್ಪ, ಏಳನೇ ಮಂಚದ ಅಜ್ಜಿಗೆ ಉಸಿರು ಎಳೀತಿದೆ. ಡಾಕ್ಟರು ಇನ್ನು ಆಗಲ್ಲ ಅಂದ್ರು. ಮಗನ ಫೋನು ಆಫ್ ಆಗಿದೆ. ಅಲ್ಲೇ ಇರ್ತಾರಲ್ಲ ಅವರು, ಬೇಗ ಕಳಿಸಿ. ಅಜ್ಜಿ ಕಣ್ಣು ಬಿಟ್ಕೊಂಡೇ ಇದ್ದಾರೆ, ಬಾಗಿಲು ನೋಡ್ತಿದ್ದಾರೆ."

ತಾತ ಐದನೇ ಬೆಂಚಿಗೆ ಹೋಗಿ ಕಂಟ್ರಾಕ್ಟರನ ಭುಜ ಮುಟ್ಟಿದ. ಜಗುಲಿಗೆ ಕರೆದು ವಿಷಯ ಹೇಳಿದ. ಪಾಪ, ಅವನ ಮುಖ ಬಿಳಿಚಿಕೊಂಡಿತು. ಕಾರಿನ ಕೀಲಿ ಕೈಗೆ ತೆಗೆದುಕೊಂಡು ಎರಡು ಮೆಟ್ಟಿಲು ಇಳಿದೂ ಬಿಟ್ಟ. ಆಸ್ಪತ್ರೆಗೆ ಅಲ್ಲಿಂದ ಐದು ನಿಮಿಷದ ದಾರಿ. ಮೂರನೇ ಮೆಟ್ಟಿಲ ಮೇಲೆ ನಿಂತ. ತಿರುಗಿದ. ಅಂಗಿಯ ಕಿಸೆಯಿಂದ ಕಾರ್ಡು ತೆಗೆದ.

"ತಾತ, ಇದು ನಲವತ್ತನೇದು. ಇವತ್ತಿಂದು ಬಿಟ್ರೆ ಮೂವತ್ತೊಂಬತ್ತಕ್ಕೆ ನಿಲ್ಲುತ್ತೆ. ಆ ಅರ್ಧ ಒತ್ತಿಬಿಡಿ, ಓಡ್ತೀನಿ."

ಸೀಲು ತಾತನ ಕೈಯಲ್ಲೇ ಇತ್ತು. ಇಂಕ್ ಪ್ಯಾಡು ಮೂರು ಹೆಜ್ಜೆ ದೂರದ ಮೇಜಿನ ಮೇಲೆ.

"ಆಶೀರ್ವಾದ ಆಗದೆ ಕೆಂಪು ಬೀಳಲ್ಲ" ಅಂದ ತಾತ.

"ನನ್ನ ತಾಯಿ ಸಾಯ್ತಿದ್ದಾಳೆ, ತಾತ."

"ಅದಕ್ಕೇ ಹೋಗಿ ಅಂತ ಹೇಳ್ತಿರೋದು. ಸೀಲು ಯಾಕೆ ಕೇಳ್ತೀರಿ? ನನ್ನ ಸ್ವಂತ ಮೊಮ್ಮಗಳಿಗೇ ನಾನು ಒಂದು ಒತ್ತಿಲ್ಲ."

ಕಂಟ್ರಾಕ್ಟರ್ ಕಾರ್ಡು ನೋಡಿದ, ಕಾರು ನೋಡಿದ. "ಪಾಸ್ಟರು ಎಷ್ಟನೇ ಅಂಶದಲ್ಲಿದ್ದಾರೆ?"

"ಎರಡು."

"ಹಾಗಾದ್ರೆ ಇನ್ನು ಇಪ್ಪತ್ತು ನಿಮಿಷ" ಅಂತ ತನಗೇ ಹೇಳಿಕೊಂಡ. "ಅಮ್ಮಂಗೆ ಹೋದ ತಿಂಗಳೂ ಹೀಗೇ ಆಗಿತ್ತು. ಸುಧಾರಿಸ್ಕೊಂಡ್ಲು." ಒಳಗೆ ಹೋಗಿ ಬಾಗಿಲಿಗೆ ಹತ್ತಿರದ ಕೊನೇ ಬೆಂಚಿನ ತುದಿಯಲ್ಲಿ, ಅರ್ಧ ಕೂತು ಅರ್ಧ ನಿಂತ. ಅವನ ಕಾಲು ಒಂದೇ ಸಮನೆ ಅಲುಗುತ್ತಿತ್ತು. ಮೂರನೇ ಅಂಶ ಉಳಿಯುವುದು. ಪಾಸ್ಟರು ಅವತ್ತು ಒಳ್ಳೆಯ ಲಹರಿಯಲ್ಲಿದ್ದರು, ಮೂವತ್ತು ನಿಮಿಷ ಉಳಿದರು. ಆಶೀರ್ವಾದದ ಕೊನೆಯ ಅಕ್ಷರ ಬೀಳುತ್ತಲೇ ಕಂಟ್ರಾಕ್ಟರ್ ಮೇಜಿನ ಮುಂದಿದ್ದ. ತಾತ ಕೆಂಪು ಅರ್ಧವನ್ನು ನೀಲಿಗೆ ಸರಿಯಾಗಿ ಕೂಡಿಸಿ ಒತ್ತಿದ. ಅವನು ಓಡಿದ. ಅವನು ತಲುಪುವ ಹೊತ್ತಿಗೆ ತಾತನ ಮಗಳು ಮುದುಕಿಯ ಕಣ್ಣು ಮುಚ್ಚಿ ಹತ್ತು ನಿಮಿಷವಾಗಿತ್ತು.

ಮಣ್ಣು ಮಾಡುವುದು ಮಂಗಳವಾರ ಅಂತ ಆಯಿತು. ಮಂಗಳವಾರ ಎಲ್ಲರಿಗೂ ಕೆಲಸ, ಯಾರು ಬರುತ್ತಾರೆ? ಅಮ್ಮನ ಸಾವಿಗೆ ಇಪ್ಪತ್ತು ಜನ ಇದ್ದರೆ ಊರಲ್ಲಿ ಮರ್ಯಾದೆ ಏನಾಗಬೇಕು ಅಂತ ಕಂಟ್ರಾಕ್ಟರ್ ಪಾಸ್ಟರ ಹತ್ತಿರ ಅತ್ತುಕೊಂಡ. ಬಾಲ್ಕನಿ ಇನ್ನೂ ಅರ್ಧಕ್ಕೆ ನಿಂತಿತ್ತು, ಪಾಸ್ಟರ ಮನಸ್ಸು ಕರಗಿತು. ಸೋಮವಾರ ಸಂಜೆಯೊಳಗೆ ಊರಿಗೆಲ್ಲ ಸುದ್ದಿ: ಈ ಶವಸಂಸ್ಕಾರಕ್ಕೆ ಬಂದವರಿಗೆ ಒಂದು ಪೂರ್ತಿ ಸೀಲು. ನೀಲಿ ಚರ್ಚಿನಲ್ಲಿ, ಕೆಂಪು ಸ್ಮಶಾನದ ಗೇಟಿನಲ್ಲಿ.

ಬಂದರು ನೋಡಿ ಜನ! ಮೂವತ್ತೊಂಬತ್ತರವರು, ಮೂವತ್ತೆಂಟಿದ್ದವರು ಆಸೆ ಬಿಡದೆ, ನಲವತ್ತು ಮುಗಿದಿದ್ದವರು ಯಾವುದಕ್ಕೂ ಒಂದು ಹೆಚ್ಚಿಗೆ ಇರಲಿ ಅಂತ. ಮುದುಕಿಯನ್ನು ಬದುಕಿದ್ದಾಗ ನೋಡದ ಆರುನೂರು ಜನ ಅವಳ ಪೆಟ್ಟಿಗೆಯ ಸುತ್ತ ನೂಕಾಡಿದರು. ಪಾಸ್ಟರು ಗದ್ಗದರಾಗಿ ಹೇಳಿದರು: "ಹೆತ್ತ ತಾಯಿಯ ಕೊನೇ ಗಳಿಗೆಯಲ್ಲೂ ದೇವರ ಸನ್ನಿಧಿ ಬಿಟ್ಟು ಕದಲದ ಮಗನನ್ನ ನೋಡಿ. ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?" ಕಂಟ್ರಾಕ್ಟರ್ ತಲೆ ತಗ್ಗಿಸಿ ಅಳುತ್ತಿದ್ದ. ಆ ಅಳು ಮಾತ್ರ ಸುಳ್ಳಾಗಿರಲಿಲ್ಲ, ನ್ಯಾಯವಾಗಿ ಹೇಳಬೇಕಾದ್ದು ಹೇಳಬೇಕು.

ಸ್ಮಶಾನದಲ್ಲಿ ಒಬ್ಬೊಬ್ಬರೂ ಒಂದು ಹಿಡಿ ಮಣ್ಣು ಹಾಕಿ, ಕೈ ಕೊಡವಿ, ಗೇಟಿನ ಸಾಲಿಗೆ ಓಡಿದರು. ತಾತ ಮಡಚುವ ಮೇಜು ಹಾಕಿಕೊಂಡು ಒತ್ತಿದ, ಒತ್ತಿದ, ಒತ್ತಿದ. ಮಣ್ಣಿನ ಕೈಯಿಂದ ಕಾರ್ಡುಗಳೆಲ್ಲ ಕೊಳೆಯಾಗಿದ್ದವು. ಎಲ್ಲ ಮುಗಿದ ಮೇಲೆ ಮಗಳು ಬಂದಳು, ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ. ಗುಂಡಿಯ ಹತ್ತಿರ ಸ್ವಲ್ಪ ಹೊತ್ತು ಒಬ್ಬಳೇ ನಿಂತಳು. ಹೊರಗೆ ಹೋಗುವಾಗ ಮೇಜಿನ ಹತ್ತಿರ ಬಂದಾಗ ತಾತನ ಬಾಯಿಗೆ ಅಭ್ಯಾಸಬಲದಿಂದ ಬಂದುಬಿಟ್ಟಿತು, "ಕಾರ್ಡು?" ಅಂತ. ಅವಳು ಅಪ್ಪನ ಮುಖ ನೋಡಿ, ಗೇಟು ದಾಟಿ ಹೋದಳು.

ತಾತನಿಗೆ ಮನೆಗೆ ಬಂದರೂ ಮೈಯೆಲ್ಲ ಉರಿ. ಹೆಣದ ಹೆಸರಿನಲ್ಲಿ ಸೀಲು ಹಂಚಬಹುದಾದರೆ, ಇನ್ನು ಯಾವ ನಿಯಮ, ಎಂಥ ಸತ್ಯ? ಹೆಂಡತಿ ಮಗಳ ಕಾರ್ಡನ್ನು ತಂದು ಅವನ ಮುಂದೆ ಇಟ್ಟು, ಅಡುಗೆಮನೆಯ ಬಾಗಿಲಲ್ಲಿ ನಿಂತಳು. ತಾತ ಚೀಲದಿಂದ ಎರಡು ಸೀಲನ್ನೂ ತೆಗೆದ. ನೀಲಿ ಮೂವತ್ತಮೂರು, ಕೆಂಪು ಮೂವತ್ತಮೂರು. ಒಂದೂ ಸೊಟ್ಟ ಬೀಳಲಿಲ್ಲ, ಕೈ ಅಷ್ಟು ಪಳಗಿತ್ತು. ಹೆಂಡತಿ ಕಣ್ಣೊರೆಸಿಕೊಂಡು, ನಲವತ್ತು ವರ್ಷದಲ್ಲಿ ಮೊದಲ ಸಲ ಒಂದು ಒಳ್ಳೆ ಕೆಲಸ ಮಾಡಿದ್ರಿ ಅಂದಳು.

ಮಗಳು ಒಳಗೆ ಬಂದಾಗ ಇಂಕು ಇನ್ನೂ ಒಣಗಿರಲಿಲ್ಲ.

"ನಾಳೆ ಕೊಟ್ಟು ಬಾ. ಯಾರೂ ಕೇಳಲ್ಲ. ಕೇಳಿದ್ರೆ ನಾನಿದ್ದೀನಿ" ಅಂದ ತಾತ.

ಮಗಳು ಕಾರ್ಡು ನೋಡಿದಳು, ಮುಟ್ಟಲಿಲ್ಲ. ಕುರ್ಚಿ ಎಳೆದುಕೊಂಡು ಅಪ್ಪನ ಎದುರು ಕೂತಳು.

"ಅಪ್ಪ, ಭಾನುವಾರ ನಾನು ಫೋನ್ ಮಾಡಿದ್ನಲ್ಲ. ಅವರಿಗೆ ಆಗಲೇ ಹೇಳಿದ್ರಾ?"

"ಆ ಕ್ಷಣವೇ ಹೇಳಿದೆ. ಹೊರಟೂ ಇದ್ದ."

"ಮತ್ತೆ?"

"ಅರ್ಧ ಸೀಲು ಒತ್ತಿಕೊಡಿ ಅಂದ. ಆಶೀರ್ವಾದ ಆಗದೆ ಒತ್ತಲ್ಲ ಅಂದೆ. ಹೋಗಿ ಅಂತ ನಾನೇ ಹೇಳಿದೆ ಕಣಮ್ಮ, ಅವನೇ ಹೋಗಿ ಕೂತ. ಹೆತ್ತ ತಾಯಿಗಿಂತ ಅವನಿಗೆ..."

"ಅವರದು ತಪ್ಪೇ ಅಪ್ಪ. ನಾನು ಅವರ ವಿಷಯ ಕೇಳ್ತಿಲ್ಲ. ಅಜ್ಜಿ ನನ್ನ ಕೈ ಬಿಡಲಿಲ್ಲ. ದಾರೀಲಿದ್ದಾರೆ, ಬಂದ್ರು, ಗೇಟ್ ಹತ್ರ ಇದ್ದಾರೆ ಅಂತ ಹೇಳ್ತಾನೇ ಇದ್ದೆ. ಅಪ್ಪಂಗೆ ಹೇಳಿದ್ದೀನಿ, ಅಪ್ಪ ಹೇಗಾದ್ರೂ ಕಳಿಸೇ ಕಳಿಸ್ತಾರೆ ಅಂತ ಧೈರ್ಯ ನಂಗೆ."

ತಾತ ಬಾಯಿ ತೆರೆದ. ನಿಯಮ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಎದುರಿಗೇ ಕಾರ್ಡು ಬಿದ್ದಿತ್ತು.

"ಪುಟ್ಟಿ ಹೆಸರು ಸರ್ಕಾರಿ ಶಾಲೇಲಿ ಬರೆಸಿ ಬಂದೆ, ಬೆಳಗ್ಗೆ. ಹುಟ್ಟಿದ ತಾರೀಕು ಕೇಳಿದ್ರು, ಅಷ್ಟೇ" ಅಂದಳು ಮಗಳು. ಮಗಳು ಎದ್ದು, ಕಾರ್ಡನ್ನು ಎರಡು ಬೆರಳಿನಲ್ಲಿ ಅಪ್ಪನ ಕಡೆಗೆ ಸರಿಸಿದಳು.

"ಇಷ್ಟೊಂದು ಒತ್ತಿದ್ದೀರಿ" ಅಂದಳು. "ಅವತ್ತು ಅರ್ಧ ಸಾಕಾಗಿತ್ತು, ಅಪ್ಪ."